ಟ್ಯಾಂಕಿನ ಬಲಗಿವಿ

ಮುನಿರಾಮಯ್ಯನ ಅಂಗಿ ಜೇಬಿನಲ್ಲಿ ನಿನ್ನೆ ಸಂಜೆಯಿಂದ ಒಂದು ಕಿವಿ ಇತ್ತು. ಕಪ್ಪು ಪ್ಲಾಸ್ಟಿಕ್ಕಿನದು, ಎರಡು ಬೆರಳಗಲ, ನಡುವೆ ಬೋಲ್ಟು ತೂರುವಷ್ಟು ತೂತು. ಬೀಡಿ ಕಟ್ಟಿಗಿಂತ ಹಗುರ. ಆದರೂ ಬಗ್ಗಿದಾಗೆಲ್ಲ ಎದೆಗೆ ಒತ್ತಿ, ನಾನಿಲ್ಲೇ ಇದೀನಿ ಕಣಯ್ಯ ಅನ್ನುತ್ತಿತ್ತು. ಎಸೆಯೋಣ ಅಂದರೆ ಎಲ್ಲಿ ಎಸೆಯುವುದು? ಅಳಿಯ ಅಶ್ವತ್ಥನ ಗ್ಯಾರೇಜಿನ ಕಸದ ಡಬ್ಬ ಅವನ ಕಣ್ಣ ಮುಂದೆಯೇ ಇದೆ. ಬೆಳಿಗ್ಗೆ ಅಲ್ಲಾಳಸಂದ್ರ ಕೆರೆಯ ಪಕ್ಕ ಬರುವಾಗ ಒಂದು ಸಾರಿ ಕೈ ಜೇಬಿಗೆ ಹೋಗಿತ್ತು. ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಹೆಂಗಸೊಬ್ಬಳು, ಕೆರೆಗೆ ಕಸ ಹಾಕುವವರನ್ನು ಹಿಡಿಯಲೆಂದೇ ಹುಟ್ಟಿದವಳ ಹಾಗೆ ನೋಡಿದಳು. ಕೈ ಬರಿದಾಗಿ ಈಚೆ ಬಂದು, ಸುಮ್ಮನಿರಲಾರದೆ ಆಕೆಗೊಂದು ನಮಸ್ಕಾರ ಹಾಕಿತು. ಆಕೆಯೂ ನಕ್ಕು ನಮಸ್ಕಾರ ಮಾಡಿದಳು. ಕಳ್ಳನಿಗೆ ಮರ್ಯಾದೆ ಸಿಕ್ಕರೆ ಎಷ್ಟು ಕಷ್ಟ ಅಂತ ಅವನಿಗೆ ಅರವತ್ತೆಂಟನೇ ವಯಸ್ಸಿನಲ್ಲಿ ಗೊತ್ತಾಯಿತು.

ಆ ಕಿವಿ ಚಿಕ್ಕಬೈರಪ್ಪನ ಗಾಡಿಯ ಪೆಟ್ರೋಲ್ ಟ್ಯಾಂಕಿನದು. ಚಿಕ್ಕಬೈರಪ್ಪ ಇದೇ ಊರಿನವನು, ಮುನಿರಾಮಯ್ಯನ ಜೊತೆ ಒಂದನೇ ಕ್ಲಾಸಿಗೆ ಸೇರಿ, ಮೂರನೇ ಕ್ಲಾಸಿನಲ್ಲೇ ಜೊತೆಯಾಗಿ ಶಾಲೆ ಬಿಟ್ಟವನು. ಆಮೇಲೆ ಅವನ ಹೊಲಗಳ ಮೇಲೆ ಲೇಔಟು ಎದ್ದವು, ಇವನು ಆ ಲೇಔಟುಗಳ ಬೀದಿ ಸುತ್ತಿದ. ಈಗ ಚಿಕ್ಕಬೈರಪ್ಪನ ಮಂಡಿ ಸವೆದಿದೆ. ರಾಜಾನುಕುಂಟೆ ಆಚೆ ಉಳಿದಿರುವ ತೆಂಗಿನ ತೋಟವನ್ನು ನಡೆದು ಸುತ್ತಲಾರದೆ, ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ನಾಲ್ಕು ದಪ್ಪ ಚಕ್ರದ ಬೈಕೊಂದನ್ನು ತಂದಿದ್ದ. ಅದರ ಹೆಸರು ಎಟಿವಿ, ಅವನ ಬಾಯಲ್ಲಿ ಎಟಿಎಂ. ಹಳೇ ಕಬ್ಬಿಣದ ಟ್ಯಾಂಕು ತುಕ್ಕು ತಿಂದು ಜರಡಿಯಾಗಿತ್ತು. ಆ ಗಾಡಿಯ ಟ್ಯಾಂಕು ಎಲ್ಲೂ ಸಿಗದೆ, ಅಶ್ವತ್ಥ ಫೋನಿನಲ್ಲಿ ಹುಡುಕಿ ಹೆಚ್ಚುಕಮ್ಮಿ ಅಂಥದೇ ಒಂದು ಪ್ಲಾಸ್ಟಿಕ್ ಟ್ಯಾಂಕು ತರಿಸಿದ. ಬಂದದ್ದು ನೋಡಿದರೆ ಪರರ ಮನೆಯ ಚಪ್ಪಲಿ ಹಾಗೆ: ನಮ್ಮದರಂತೆಯೇ ಇದೆ, ಆದರೆ ನಮ್ಮ ಕಾಲಿಗಾಗದು. ಮುಂದೆ ಎಡಕ್ಕೊಂದು ಬಲಕ್ಕೊಂದು ಬೋಲ್ಟು ಹಾಕುವ ಕಿವಿ, ಹಿಂದೆ ಬಾಲದಂಥದೊಂದು ಪಟ್ಟಿ. ಗಾಡಿಯ ಎಡಗಡೆ ಯಾವಾಗಲೋ ಯಾರೋ ಬೆಸುಗೆ ಹಾಕಿದ್ದ ಪೈಪು ಅಡ್ಡ ಬರುತ್ತಿತ್ತು. ಎಡಗಿವಿ ತೆಗೆದು, ಬಲಗಿವಿಗೂ ಬಾಲಕ್ಕೂ ಬೋಲ್ಟು ಬಿಗಿದರೆ ಆಯಿತು ಎಂದು ಅಶ್ವತ್ಥ ನಿನ್ನೆ ಡಬ್ಬ ಬಿಚ್ಚುವ ಮೊದಲೇ, ಫೋನಿನ ಫೋಟೋ ನೋಡಿ ಹೇಳಿಹೋದ. ಹೋಗುವಾಗ ಇನ್ನೊಂದು ಮಾತೂ ಹೇಳಿದ. "ಇದೊಂದು ನೀವು ಮಾಡಿ ಮಾವ, ಪ್ಲಾಸ್ಟಿಕ್ ನಿಮಗೆ ಬರೋ ಹಂಗೆ ಯಾರಿಗೂ ಬರಲ್ಲ. ಆಮೇಲೆ ನೋಡೋಣ."

ಆಮೇಲೆ ನೋಡೋಣ. ಮುನಿರಾಮಯ್ಯ ಈ ಊರಿನಲ್ಲಿ ಎಷ್ಟೋ 'ನೋಡೋಣ'ಗಳನ್ನು ನೋಡಿದ್ದ. ರೇಷನ್ ಕಾರ್ಡಿನವರು ನೋಡೋಣ ಅಂದರೆ ಇಲ್ಲ ಅಂತ. ಹೆಣ್ಣು ನೋಡಿ ಹೋದವರು ನೋಡೋಣ ಅಂದರೂ ಇಲ್ಲ ಅಂತಲೇ. ಹೋದ ತಿಂಗಳು ಒಂದು ಸ್ಕೂಟರಿನ ಸ್ಕ್ರೂ ಅವನ ಕೈಯಿಂದ ಜಾರಿ ಇಂಜಿನ್ನಿನೊಳಗೆ ಬಿದ್ದು, ಇಡೀ ಇಂಜಿನ್ ಬಿಚ್ಚಬೇಕಾಗಿತ್ತು. ಅಂದಿನಿಂದ ಮಗಳು ರಮ್ಯ ಊಟ ಬಡಿಸುವಾಗ, "ಅಪ್ಪ, ಇನ್ನು ಮನೇಲಿರಿ, ಬಾಲ್ಕನಿಲಿ ಎಷ್ಟ್ ಚೆನ್ನಾಗಿ ಗಾಳಿ ಬರುತ್ತೆ" ಅನ್ನತೊಡಗಿದ್ದಳು. ಗಾಳಿಯನ್ನು ಎಷ್ಟು ಹೊತ್ತು ಅಂತ ಕುಡಿಯುವುದು? ಗ್ಯಾರೇಜಿನ ಈ ಮರದ ಸ್ಟೂಲು, ಈ ಗ್ರೀಸಿನ ವಾಸನೆ, ಎದುರಿನ ಕಾಶಿನಾಥನ ಬೇಕರಿಯಿಂದ ಹತ್ತು ಗಂಟೆಗೆ ಬರುವ ಬನ್ನಿನ ಘಮ, ಇವನ್ನೆಲ್ಲ ಈ ಒಂದು ಟ್ಯಾಂಕು ಉಳಿಸಬೇಕಿತ್ತು. ಅದನ್ನೇ ಯೋಚಿಸುತ್ತ ಅವನು ಗಾಡಿಯ ಮೂತಿಗೆ ಎದುರಾಗಿ ಕೂತು, ಟ್ಯಾಂಕನ್ನು ತೊಡೆ ಮೇಲೆ ತನಗೆ ಮುಖ ಮಾಡಿ ಇಟ್ಟುಕೊಂಡು, ತನ್ನ ಎಡಗೈ ಕಡೆಯ ಕಿವಿಯನ್ನು ಸಣ್ಣ ಗರಗಸದಿಂದ ಬೆಣ್ಣೆಯ ಹಾಗೆ ಕುಯ್ದ. ಕುಯ್ದ ಮೇಲೆ ಟ್ಯಾಂಕನ್ನು ಗಾಡಿಯ ಮೇಲಿಟ್ಟ. ಪೈಪು ಇನ್ನೂ ಅಡ್ಡವೇ ಇತ್ತು. ಕುಯ್ದದ್ದು ಬಲಗಿವಿ.

ಬೇರೆ ಯಾರೇ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಸವಾರಿ ಮಾಡುವವನಿಗೆ ಎಡಬಲ ಕೂತ ಕಡೆಯಿಂದ ಬರುತ್ತದೆ. ಆದರೆ ಮುನಿರಾಮಯ್ಯ ಮೂವತ್ತು ವರ್ಷ ಬಕೀಟು ಬಿಂದಿಗೆ ಹೊಲಿದವನು. ಸೈಕಲ್ಲಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೊಡಿಗೇಹಳ್ಳಿ, ಸಹಕಾರನಗರ, ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ "ಬಕೀಟೂ... ಬಿಂದಿಗೇ... ಪ್ಲಾಸ್ಟಿಕ್ ಒಲಿಯೋದು" ಎಂದು ಕೂಗಿಕೊಂಡು ಹೋಗಿ, ಕಾದ ಕಬ್ಬಿಣದ ಕಡ್ಡಿಯಿಂದ ಬಿರುಕು ಮುಚ್ಚುತ್ತಿದ್ದವನು. ಬಿಂದಿಗೆಗೆ ಎಡ ಎಲ್ಲಿ, ಬಲ ಎಲ್ಲಿ? ತಿರುಗಿಸಿದ ಹಾಗೆ ತಿರುಗುವ ದುಂಡನೆಯ ವಸ್ತು. ಅದರ ಬಾಯಿ ತನ್ನ ಕಡೆಗಿದ್ದರೆ ಸಾಕು. ಹಾಗೆ ದುಂಡನೆಯ ವಸ್ತುಗಳ ಜೊತೆ ಬಾಳಿ ಬಾಳಿ, ತನ್ನ ಎಡವೇ ಎದುರಿಗಿರುವುದರ ಎಡವೂ ಅಂತ ಅವನ ಕೈ ತಿಳಿದಿತ್ತು. ಇದನ್ನು ಅಳಿಯನಿಗೆ ಹೇಳಬಹುದಿತ್ತು. ಎಡಬಲ ತಿಳಿಯಲಿಲ್ಲ ಕಣಪ್ಪ ಅಂತ. ಆ ಮಾತನ್ನು ನಾಲಿಗೆ ಮೇಲಿಟ್ಟು ನೋಡಿದ. ಬೇವಿನೆಲೆ. ಬಾಯಿ ಸುಮ್ಮನಾಯಿತು. ಕೈ ಮಾತ್ರ ಸುಮ್ಮನಾಗಲಿಲ್ಲ. ಉಪ್ಪುಕಾಗದ ತೆಗೆದುಕೊಂಡು ಕುಯ್ದ ಜಾಗವನ್ನು ಉಜ್ಜಿತು, ಒದ್ದೆ ಮಾಡಿ ಮತ್ತೆ ಉಜ್ಜಿತು, ಬಿಸಿಗಾಳಿಯ ಗನ್ನು ಹಿಡಿದು ಹೊಳಪು ಬರಿಸಿತು. ಅಲ್ಲಿ ಹುಟ್ಟಿನಿಂದಲೇ ಕಿವಿ ಇರಲಿಲ್ಲ ಅನ್ನಬೇಕು, ಹಾಗೆ. ಅಷ್ಟು ಒಳ್ಳೇ ಕೆಲಸವನ್ನು ಅವನು ಹತ್ತು ವರ್ಷದಲ್ಲಿ ಮಾಡಿರಲಿಲ್ಲ.

ಇವತ್ತು ಬೆಳಿಗ್ಗೆ ಅಶ್ವತ್ಥ ಬಂದು ಟ್ಯಾಂಕನ್ನು ಎತ್ತಿ ತಿರುಗಿಸಿ ನೋಡಿದವನೇ, "ಅಯ್ಯೋ, ಇದಕ್ಕೆ ಬಲಗಡೆ ಕಿವೀನೇ ಇಲ್ವಲ್ಲ ಮಾವ! ಫೋಟೋದಲ್ಲಿತ್ತು. ನೋಡಿ, ಹೆಂಗೆ ಟೋಪಿ ಹಾಕವ್ರೆ!" ಅಂದ. ಮುನಿರಾಮಯ್ಯ "ಹ್ಞೂಂ" ಅಂದ. ಅದು ಸುಳ್ಳಲ್ಲ, ಹ್ಞೂಂ ಅಷ್ಟೆ. ಅಶ್ವತ್ಥ ಅಲ್ಲಿ ಬೆರಳಾಡಿಸಿ, "ಕಟ್ ಮಾಡಿದ ಗುರುತೂ ಇಲ್ಲ, ಅಚ್ಚಲ್ಲೇ ಹಿಂಗ್ ಬಂದಿದೆ" ಎಂದಾಗ ಮುನಿರಾಮಯ್ಯನ ಎದೆಯಲ್ಲಿ ಒಂದು ಗಳಿಗೆ ಹೆಮ್ಮೆ ಎದ್ದು ನಿಂತಿತು, ನಿಂತಲ್ಲೇ ನಾಚಿ ಕೂತಿತು. ಕೈಯ ಒಳ್ಳೇತನವೇ ಬಾಯಿಯ ಸುಳ್ಳಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಅಶ್ವತ್ಥ ಟ್ಯಾಂಕು ಮಾರಿದವರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದ. ಆ ಕಡೆ ಹುಬ್ಬಳ್ಳಿ ಸೀಮೆಯ ಹುಡುಗಿಯ ದನಿ. ಇವನು ಬಾಯಿಗೆ ಬಂದದ್ದೆಲ್ಲ ಅಂದ. ಕಣ್ಣು ಮುಚ್ಕೊಂಡು ಪ್ಯಾಕ್ ಮಾಡ್ತೀರಾ? ಕಸ್ಟಮರ್ ಅಂದ್ರೆ ಏನಂದ್ಕೊಂಡಿದೀರಾ? ಆಕೆ ನಡುವೆ ಸಂದು ಸಿಕ್ಕಿದಾಗೆಲ್ಲ, "ತಪ್ಪಾಗೇತ್ರಿ ಸರ್... ಕ್ಷಮಾ ಮಾಡ್ರಿ ಸರ್... ನಮ್ದಾ ತಪ್ಪರೀ" ಅನ್ನುತ್ತಿದ್ದಳು. ಪ್ಯಾಕ್ ಮಾಡಿದವರನ್ನು ಕರೆಸಿ ಕೇಳುತ್ತೇವೆ, ತಾವು ಮಧ್ಯಾಹ್ನದೊಳಗೆ ಒಂದು ಫೋಟೋ ಕಳಿಸಿ ಅಂದಳು. ಮುನಿರಾಮಯ್ಯ ನಟ್ಟುಗಳ ಡಬ್ಬಿಯಲ್ಲಿ ಇಲ್ಲದ ನಟ್ಟೊಂದನ್ನು ಹುಡುಕುತ್ತಿದ್ದ. ತಾನು ಮಾಡಿದ ಪಾಪಕ್ಕೆ ಎಲ್ಲೋ ಕೂತ ಮಗು ಕ್ಷಮೆ ಕೇಳುತ್ತಿದೆ, ಅದೂ 'ರೀ' ಹಚ್ಚಿ. ಸೈಕಲ್ಲಿನ ಕಾಲದಲ್ಲಿ ಒಂದು ದಿನ ಸಹಕಾರನಗರದ ಸತ್ಯವತಮ್ಮನವರ ಅಂಗಳದಲ್ಲಿ ಬಿಸಿಲು ಹೀಗೆಯೇ ಬಿದ್ದಿತ್ತು. ಹಸಿರು ಬಿಂದಿಗೆ. ಸಣ್ಣ ಬಿರುಕು. ಒಲೆಯಲ್ಲಿ ಕಡ್ಡಿ ಹೆಚ್ಚಿಗೆ ಕಾದು, ಬಿರುಕು ಮುಚ್ಚುವ ಬದಲು ಬೆರಳು ತೂರುವಷ್ಟು ತೂತಾಯಿತು. "ಹಳೇದು ಅಮ್ಮ, ಪ್ಲಾಸ್ಟಿಕ್ಕಿಗೆ ಜೀವ ಇಲ್ಲ" ಅಂದ ಇವನು. ಆಕೆ, "ಪಾಪ, ಇಂಥ ಹಳೇದು ಕೊಟ್ಟು ನಿಮಗೆ ತೊಂದ್ರೆ ಕೊಟ್ಟೆ, ತಪ್ಪು ತಿಳ್ಕೋಬೇಡಿ" ಎಂದು ಕಾಫಿ ತಂದುಕೊಟ್ಟರು. ಆ ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು. ಅದು ಅವನಿಗೆ ಇವತ್ತಿಗೂ ನೆನಪಿದೆ. ಆಮೇಲೆ ಆ ಅಡ್ಡರಸ್ತೆಯಲ್ಲಿ ಕೂಗದೆ, ಪೆಡಲು ಜೋರಾಗಿ ತುಳಿದು ದಾಟಿಬಿಡುತ್ತಿದ್ದ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಅವನು ಕೂಗದೇ ಹೋದ ಬೀದಿ ಅದೊಂದೇ.

ಹನ್ನೊಂದು ಗಂಟೆಗೆಲ್ಲ ಚಿಕ್ಕಬೈರಪ್ಪ ಕೋಲೂರಿಕೊಂಡು ಬಂದ. ಸಂಜೆ ಬಾ ಅಂದಿದ್ದರೆ ಬೆಳಿಗ್ಗೆ ಬರುವ ಜನ. "ಏನ್ಲಾ ಮುನಿರಾಮ, ನನ್ನ ಎಟಿಎಂ ರೆಡಿ ಆಯ್ತಾ?"

"ಕಾರ್ಡ್ ತಂದಿದೀರಾ ಗೌಡ್ರೆ, ಉಜ್ಜೋಕೆ?" ಎಂದು ಅಶ್ವತ್ಥ ನಗಿಸಿ, ಕಿವಿಯ ಮೋಸವನ್ನು ಒಪ್ಪಿಸಿದ. ಚಿಕ್ಕಬೈರಪ್ಪ ಸೊಂಟದ ಮೇಲೆ ಕೈಯಿಟ್ಟು, ಆನ್‌ಲೈನ್ ಅನ್ನುವ ಪದವನ್ನು ಅರ್ಧ ಮಾಡಿ, ಉಳಿದರ್ಧದಲ್ಲಿ ಆ ಕಂಪನಿಯ ಏಳು ತಲೆಮಾರನ್ನು ಬೈದ. "ಪ್ಯಾಕ್ ಮಾಡ್ದೋನ ಕೆಲಸದಿಂದ ತೆಗೀಬೇಕು ಕಣಯ್ಯ. ಅಂಥೋರ್ನ ಮನೇಲಿ ಕೂರುಸ್ಬೇಕು." ಮನೇಲಿ ಕೂರಿಸುವುದು ಅನ್ನುವ ಮಾತು ಕೇಳಿ ಮುನಿರಾಮಯ್ಯ ನಟ್ಟಿನ ಡಬ್ಬಿ ಮುಚ್ಚಿದ. ಯಾವನೋ, ಎಲ್ಲಿಯವನೋ, ತನ್ನ ಹಾಗೆಯೇ ಒಂದು ಸ್ಟೂಲಿನ ಮೇಲೆ ಕೂತು ಡಬ್ಬಕ್ಕೆ ಟೇಪು ಸುತ್ತುವವನು. ಅವನಿಗೂ ಹತ್ತು ಗಂಟೆಗೆ ಬನ್ನಿನ ಘಮ ಬರುತ್ತದೋ ಏನೋ. ಅವನ ಸ್ಟೂಲು ಎಳೆದು ತನ್ನ ಸ್ಟೂಲಿನ ಕಾಲಿಗೆ ಒತ್ತು ಕೊಟ್ಟ ಹಾಗಾಯಿತಲ್ಲ.

ಅಶ್ವತ್ಥ ಗಾಡಿಯ ದಪ್ಪ ಚಕ್ರಕ್ಕೆ ಗಾಳಿ ಹಿಡಿಯುತ್ತಿದ್ದ. ಕಂಪ್ರೆಸರು ಗುಡುಗುತ್ತಿತ್ತು. ಮುನಿರಾಮಯ್ಯ ಹತ್ತಿರ ಹೋಗಿ ನಿಂತ. ಇಂಥ ಮಾತಿಗೆ ಗಲಾಟೆಯೇ ಒಳ್ಳೇದು ಅನ್ನಿಸಿತು, ಅರ್ಧ ಕೇಳಿಸಿದರೆ ಅರ್ಧ ನೋವು. "ಅಶ್ವತ್ಥಪ್ಪ, ಆ ಕಿವಿ ಕುಯ್ದೋನು ನಾನೇ" ಅಂದ.

"ಕಾಫೀನಾ? ಈಗ ಬೇಡ ಮಾವ!"

"ಕಾಫಿ ಅಲ್ಲ, ಕಿವಿ."

"ನಿಮಗೆ ಬೇಕಾದ್ರೆ ಹೇಳಿ, ಕಾಶಿನಾಥಣ್ಣ ಕಳಿಸ್ತಾನೆ!"

ಮುನಿರಾಮಯ್ಯನಿಗೆ ರೇಗಿತು. ಮನುಷ್ಯ ಪಾಪ ಒಪ್ಪಿಕೊಳ್ಳಲು ಬಂದರೆ ಅದಕ್ಕೂ ಎರಡು ಸಾರಿ ಕೂಗಬೇಕೆ? ಎದೆ ತುಂಬ ಉಸಿರು ಎಳೆದುಕೊಂಡ. ಆಗಲೇ ಗಾಳಿ ತುಂಬಿದ ಕಂಪ್ರೆಸರು ತನ್ನಷ್ಟಕ್ಕೆ ತಾನೇ ಟಕ್ಕೆಂದು ನಿಂತಿತು. ಮೂವತ್ತು ವರ್ಷ ಬೀದಿ ಬೀದಿಯಲ್ಲಿ ಪಳಗಿದ ಆ ಗಂಟಲಿನಿಂದ ಹೊರಟ ಮಾತನ್ನು ತಡೆಯಲು ಆಗಲಿಲ್ಲ. "ಕಿವಿ ಕುಯ್ದೋನು ನಾನೇ... ಕಣಪ್ಪೋ! ಅವರದಲ್ಲ, ತಪ್ಪು ನಂದೇ...!"

ಬೀದಿ ನಿಂತುಹೋಯಿತು. ಬೇಕರಿ ಮುಂದೆ ಬನ್ನು ಕಚ್ಚಿದವನು ಕಚ್ಚಿದ ಹಾಗೇ ಉಳಿದ. ಕಾಶಿನಾಥ ಗಲ್ಲಾದಿಂದ ಎದ್ದು, "ಯಾರ ಕಿವಿ? ಆಸ್ಪತ್ರೆಗೆ ಫೋನ್ ಮಾಡ್ಲಾ?" ಎಂದು ಕೂಗಿದ. ಮುನಿರಾಮಯ್ಯ ಜೇಬಿಗೆ ಕೈ ಹಾಕಿ ಆ ಕಪ್ಪು ತುಂಡನ್ನು ತೆಗೆದು ಟ್ಯಾಂಕಿನ ಮೇಲಿಟ್ಟ. "ಗಾಡಿಗೆ ಎದುರಾಗಿ ಕೂತಿದ್ದೆ. ನನ್ನ ಎಡಾನೇ ಗಾಡಿ ಎಡ ಅಂದ್ಕಂಡೆ. ಆಮೇಲೆ ಗೊತ್ತಾಗದ ಹಂಗೆ ಉಜ್ಜಿಬಿಟ್ಟೆ."

ಮೊದಲು ನಕ್ಕವನು ಚಿಕ್ಕಬೈರಪ್ಪ. ಮಂಡಿ ನೋವನ್ನೂ ಮರೆತು ಕೋಲು ಕುಟ್ಟಿ ಕುಟ್ಟಿ ನಕ್ಕ. "ಥೂ ನಿನ್ನ! ಕಿವಿ ಮ್ಯಾಲೆ ಹೂ ಇಡೋರ್ನ ಬೇಕಾದಷ್ಟು ಕಂಡಿವ್ನಿ. ಕಿವೀನೇ ಜೇಬಲ್ಲಿ ಇಟ್ಕಂಡೋನ ಇವತ್ತೇ ಕಂಡಿದ್ದು ಕಣ್ಲಾ!" ಅಶ್ವತ್ಥ ನಗಲಿಲ್ಲ. ಅವನ ಮುಖ ಕೆಂಪಾಗಿದ್ದದ್ದು ಕೋಪಕ್ಕೆ ಅಂತ ಮುನಿರಾಮಯ್ಯ ತಿಳಿದ. ಆದರೆ ಅವನು ಅಂದದ್ದು, "ಆ ಹುಡುಗಿಗೆ ಏನೆಲ್ಲ ಅಂದ್ಬಿಟ್ನಲ್ಲ ಮಾವ" ಅಂತ. ಆಮೇಲೆ ಕೈಯೊರೆಸಿಕೊಳ್ಳುತ್ತ ಮೆಲ್ಲಗೆ, "ನೀವು ಮನೆಗೆ ಹೋಗಿ. ನಾನ್ ನೋಡ್ಕೋತೀನಿ" ಅಂದ. ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಅನ್ನುವುದು ಕೆಲಸದವನಿಗೆ. ಮೆಲ್ಲಗಿನ ಮಾತು ಅಂದರೆ ಬಾಲ್ಕನಿಗೆ.

ಮುನಿರಾಮಯ್ಯ ಚಪ್ಪಲಿ ಮೆಟ್ಟಿದ. ಮೆಟ್ಟಿ, ಟ್ಯಾಂಕನ್ನು ಒಂದು ಸಾರಿ ನೋಡಿದ. ಒಂದು ಕಿವಿ ಇಟ್ಟುಕೊಂಡು ಅದು ಪೆದ್ದು ಪೆದ್ದಾಗಿ ಕೂತಿತ್ತು. ಚಿಕ್ಕಬೈರಪ್ಪ ಕಣ್ಣೊರೆಸಿಕೊಳ್ಳುತ್ತ, "ಅಲ್ಲ, ಕಿವಿ ಇಲ್ದಿದ್ರೆ ಅದು ಕೂರಂಗೇ ಇಲ್ವಾ?" ಎಂದು ಸುಮ್ಮನೆ ಕೇಳಿದ. ಕೂರಂಗೇ ಇಲ್ವಾ? ಸೈಕಲ್ಲಿನ ಹಿಂದೆ ಆರು ಬಿಂದಿಗೆ ಕೂರುತ್ತಿದ್ದವಲ್ಲ, ಅವಕ್ಕೆ ಯಾರು ಬೋಲ್ಟು ಹಾಕಿದ್ದರು? ಕೆಳಗೆ ಗೋಣಿ, ಮೇಲೆ ಟ್ಯೂಬಿನ ಪಟ್ಟಿ, ಒಂದು ಬಿಗಿ. ಹೆಬ್ಬಾಳದ ಗುಂಡಿಗಳಲ್ಲಿ ಎದ್ದು ಬಿದ್ದು ಹೋದರೂ ಒಂದೂ ಬಿರಿಯುತ್ತಿರಲಿಲ್ಲ. ಪ್ಲಾಸ್ಟಿಕ್ಕನ್ನು ಮೊಳೆ ಹೊಡೆದ ಹಾಗೆ ಬಿಗಿದರೆ ಬಿರುಕು ಬಿಡುತ್ತದೆ, ಅದಕ್ಕೆ ಬಿಸಿಲಿಗೆ ಹಿಗ್ಗಲು, ಚಳಿಗೆ ಕುಗ್ಗಲು ಜಾಗ ಬೇಕು, ಅದನ್ನು ಕೂಸಿನ ಹಾಗೆ ತಬ್ಬಿ ಹಿಡಿಯಬೇಕು. ಅವನು ಚಪ್ಪಲಿ ಬಿಟ್ಟ. ಯಾರನ್ನೂ ಕೇಳಲಿಲ್ಲ. ಗರಗಸ ತೆಗೆದುಕೊಂಡು, ಈ ಸಲ ಗಾಡಿಯ ಸೀಟಿನ ಮೇಲೇ ಹತ್ತಿ ಸವಾರನ ಹಾಗೆ ಕೂತು, ಉಳಿದಿದ್ದ ಕಿವಿಯನ್ನೂ ಕುಯ್ದ.

"ಮಾವಾ!" ಎಂದು ಅಶ್ವತ್ಥ ಕಿರುಚಿದ.

"ಎರಡೂ ಹೋದ್ಮೇಲೆ ಎಡಬಲದ ಗೊಡವೇನೇ ಇಲ್ಲ. ಅರ್ಧ ಇಂಚು ಅಗಲದ ಕಬ್ಬಿಣದ ಪಟ್ಟಿ ಇದ್ರೆ ಕೊಡು."

ಅಶ್ವತ್ಥ ಪಟ್ಟಿ ಕೊಡಲಿಲ್ಲ, ನಿಂತು ನೋಡಿದ. ಮುನಿರಾಮಯ್ಯ ತಾನೇ ಹುಡುಕಿಕೊಂಡ. ಗಾಡಿಯ ಪೈಪುಗಳ ಮೇಲೆ ಹಳೇ ಟಯರಿನ ರಬ್ಬರು ಹಾಸಿದ. ಟ್ಯಾಂಕಿನ ಹೊಟ್ಟೆ ಒಂದು ಕಡೆ ಫ್ರೇಮಿಗೆ ಉಜ್ಜುತ್ತಿತ್ತು. ಅಲ್ಲಿಗೆ ಬಿಸಿಗಾಳಿ ಹಿಡಿದು, ಪ್ಲಾಸ್ಟಿಕ್ಕು ಚಪಾತಿ ಹಿಟ್ಟಿನಷ್ಟು ಮೆತ್ತಗಾದಾಗ ನೀರು ತುಂಬಿದ ಸ್ಟೀಲ್ ಲೋಟದ ತಳದಿಂದ ಒತ್ತಿ ಹಿಡಿದ, ತಣ್ಣಗಾಗುವ ತನಕ, ನೂರು ಎಣಿಸುವ ತನಕ. ಲೋಟ ತೆಗೆದರೆ ಅಲ್ಲೊಂದು ನಯವಾದ ಕುಳಿ, ಅದರೊಳಗೆ ಫ್ರೇಮಿನ ಮೂಲೆ ದಿಂಬಿನಲ್ಲಿ ಮೊಣಕೈ ಕೂತ ಹಾಗೆ ಕೂತಿತು. ಆಮೇಲೆ ಟ್ಯಾಂಕಿಗೆ ನೀರು ತುಂಬಿ ತಲೆಕೆಳಗು ಮಾಡಿದ. ಒಂದು ಗಳಿಗೆ ಏನೂ ಇಲ್ಲ. ಮತ್ತೆ ಬಲಗಡೆ, ಅವನು ಉಜ್ಜಿ ಉಜ್ಜಿ ಹೊಳಪು ಬರಿಸಿದ್ದ ಜಾಗದಲ್ಲಿ, ಸಾಸಿವೆಯಷ್ಟು ನೀರಿನ ಹನಿ. ಕುಯ್ದದ್ದರಿಂದ ಏನೂ ಆಗಿರಲಿಲ್ಲ, ಮುಚ್ಚಿಟ್ಟದ್ದರಿಂದ ಗೋಡೆ ತೆಳ್ಳಗಾಗಿತ್ತು. ಚಿಕ್ಕಬೈರಪ್ಪ ಪೆಟ್ರೋಲಿನ ಮೇಲೆ ಕೂರುವವನಿದ್ದ. ಆ ಹನಿಯನ್ನು ಅಶ್ವತ್ಥನೂ ನೋಡಿದ, ಅವನು ನೋಡಿದ್ದನ್ನು ಇವನೂ ನೋಡಿದ. ಅಶ್ವತ್ಥ ಬಿಸಿಗಾಳಿಯ ಗನ್ನನ್ನು ಎತ್ತಿ ಮಾವನ ಕೈಗಿಟ್ಟ.

ಟ್ಯಾಂಕು ಒಣಗಿಸಿ, ಕುಯ್ದಿದ್ದ ಬಲಗಿವಿಯನ್ನೇ ಸೀಳಿ ಕಡ್ಡಿ ಮಾಡಿ, ಎಳೆ ಎಳೆಯಾಗಿ ಕರಗಿಸಿ ಅಲ್ಲಿ ತುಂಬಿದ. ಅದೇ ಹೆತ್ತ ಪ್ಲಾಸ್ಟಿಕ್ಕು, ಅದಕ್ಕೇ ಅಂಟುತ್ತದೆ, ಬೇರೆ ಯಾವ ಗೋಂದೂ ಅದಕ್ಕೆ ಹಿಡಿಯುವುದಿಲ್ಲ. ಮೇಣದ ಬತ್ತಿ ಆರಿಸಿದಾಗ ಬರುವಂಥ ವಾಸನೆ ಎದ್ದಿತು. ಹೋದ ತಿಂಗಳು ಸ್ಕ್ರೂ ಜಾರಿಸಿದ್ದ ಕೈ ಈಗ ಒಂದು ಎಳೆಯನ್ನೂ ಜಾರಿಸಲಿಲ್ಲ, ಜಾರಿಸಲು ಅದಕ್ಕೆ ಪುರಸೊತ್ತಿರಲಿಲ್ಲ. ಈ ಸಲ ಅಲ್ಲಿ ಉಜ್ಜಲಿಲ್ಲ. ಗಾಯದ ಗುರುತು ಉಬ್ಬಿಕೊಂಡೇ ಇರಲಿ ಅಂತ ಬಿಟ್ಟ. ಮತ್ತೆ ನೀರು ತುಂಬಿ, ಊಟ ಮುಗಿಸಿ ಬರುವವರೆಗೂ ತಲೆಕೆಳಗಾಗಿ ಇಟ್ಟ. ಕೆಳಗಿಟ್ಟಿದ್ದ ಪೇಪರು ಒಣಗಿಯೇ ಇತ್ತು. ಕಬ್ಬಿಣದ ಪಟ್ಟಿಗೆ ಟ್ಯೂಬು ತೊಡಿಸಿ, ಟ್ಯಾಂಕಿನ ಮೇಲಿಂದ ಈ ಪೈಪಿಗೂ ಆ ಪೈಪಿಗೂ ಬಿಗಿದ. ಬಿಗಿಯುವಾಗ ಅಶ್ವತ್ಥ ಆ ಕಡೆ ಹಿಡಿದುಕೊಂಡಿದ್ದ. ಯಾವಾಗ ಬಂದು ಹಿಡಿದ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಮೂರು ಗಂಟೆಗೆ ಪೆಟ್ರೋಲು ಬಿದ್ದು, ಗಾಡಿ ಕೆಮ್ಮಿ, ಉಗುಳಿ, ಹೊತ್ತಿಕೊಂಡಿತು. ಚಿಕ್ಕಬೈರಪ್ಪ ಪಂಚೆ ಎತ್ತಿ ಕಟ್ಟಿ, ದೇವರ ಹೆಸರು ಹೇಳಿ ಹತ್ತಿದ. ಬೇಕರಿಯ ಮುಂದೆ ಎರಡು ಸುತ್ತು, ಮೂರನೇ ಸುತ್ತಿನಲ್ಲಿ ಕಾಶಿನಾಥನ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಳ್ಳಿಕೊಂಡು ಸ್ವಲ್ಪ ದೂರ. "ಏನೂ ಸೋರಲಿಲ್ಲ ಕಣ್ಲಾ!" ಎಂದು ಕೂಗಿದ. "ನನ್ನ ಕುರ್ಚಿ!" ಎಂದು ಕಾಶಿನಾಥ ಹಿಂದೆ ಓಡಿದ.

ಅಶ್ವತ್ಥ ಕೈ ತೊಳೆದು ಫೋನು ಹಚ್ಚಿದ. ಮತ್ತೆ ಅದೇ ಹುಡುಗಿ ಸಿಗುವ ತನಕ ಮೂರು ಜನರಿಗೆ ಬೇಡ ಅಂದ. ಸಿಕ್ಕ ಮೇಲೆ ಫೋನನ್ನು ಮಾವನ ಮುಂದೆ ಹಿಡಿದ. ಮುನಿರಾಮಯ್ಯ ಬಗ್ಗಿ, ಫೋನು ಕಿವುಡೇನೋ ಅನ್ನುವ ಹಾಗೆ, "ಮಗಾ, ಟ್ಯಾಂಕಿನ ಕಿವಿ ಕುಯ್ದಿದ್ದು ನಾನು ಕಣವ್ವ. ಮುದುಕ. ನಿಮ್ಮ ಕಡೆ ತಪ್ಪಿಲ್ಲ. ಪ್ಯಾಕ್ ಮಾಡಿದಪ್ಪನ್ನ ಏನೂ ಕೇಳ್ಬೇಡಿ" ಅಂದ. ಇಂಥದಕ್ಕೆ ಏನು ಹೇಳಬೇಕು ಅಂತ ಅವರಿಗೆ ಬರೆದುಕೊಟ್ಟಿರಲಿಲ್ಲವೇನೋ. ಆಮೇಲೆ ಆಕೆ ಮೆಲ್ಲಗೆ, "ಅಜ್ಜಾರ, ಈಗ ಟ್ಯಾಂಕು ಕೂತಿತೇನ್ರಿ?" ಅಂದಳು.

"ಕೂತದೆ ಕಣವ್ವ! ಹೆಂಗೆ ಕೂತದೆ ಅಂದ್ರೆ..." ಎಂದು ಅವನು ರಬ್ಬರಿನಿಂದ ಶುರು ಮಾಡಿ ಲೋಟಕ್ಕೆ ಬಂದು, ಅಲ್ಲಿಂದ ಪಟ್ಟಿಗೆ ಹೋದ. ಆಕೆ ನಡುನಡುವೆ ಹೌದ್ರಿ, ಹೌದ್ರಿ ಅನ್ನುತ್ತಿದ್ದಳು. ಕೊನೆಗೆ ದನಿ ತಗ್ಗಿಸಿ, "ಖರೇ ಹೇಳ್ತೀನಿ ಅಜ್ಜಾರ, ಈ ಟ್ಯಾಂಕು ಯಾರಿಗೂ ಸರಿ ಕೂಡಂಗಿಲ್ರಿ. ದಿನಾ ಬೈಸ್ಕೊಂತೀನಿ. ಯಲಹಂಕದಾಗ ಇದನ್ನ ತಗೊಂಡವ್ರು ಇನ್ನಿಬ್ರು ಅದಾರ್ರಿ. ಅವ್ರಿಗೆ ನಿಮ್ಮ ನಂಬರ್ ಕೊಡ್ಲೇನ್ರಿ?" ಅಂದಳು.

ಮುನಿರಾಮಯ್ಯನ ಹತ್ತಿರ ನಂಬರು ಇರಲಿಲ್ಲ. ಅವನು ಅಳಿಯನನ್ನು ನೋಡದೆ ಸ್ಟೂಲನ್ನು ನೋಡಿದ. ಅಶ್ವತ್ಥ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಗ್ಯಾರೇಜಿನ ನಂಬರು ಹೇಳಿದ. "ಮುನಿರಾಮಯ್ಯ ಅಂತ ಬರ್ಕೊಳ್ಳಿ ಮೇಡಂ. ಟ್ಯಾಂಕ್ ಕೂರ್ಸೋರು."

"ಯಾವ ಟೈಮಿಗೆ ಸಿಗ್ತಾರ್ರಿ ಸರ್, ಅಜ್ಜಾರು?"

ಬೀದಿಯ ಆ ತುದಿಯಿಂದ ಚಿಕ್ಕಬೈರಪ್ಪ ಹಾರ್ನು ಹೊಡೆದುಕೊಂಡು ಬರುತ್ತಿದ್ದ. ಅಶ್ವತ್ಥ ಅದಕ್ಕೆ ಕಾದು, ಅದು ದಾಟಿ ಹೋದ ಮೇಲೆ, ಎಲ್ಲರಿಗೂ ಸರಿಯಾಗಿ ಕೇಳಿಸುವ ಹಾಗೆ ಹೇಳಿದ:

"ದಿನಾ ಇರ್ತಾರೆ ಮೇಡಂ. ಭಾನುವಾರ ಮಾತ್ರ ಕಳಿಸ್ಬೇಡಿ, ಮನೇಲಿ ನನ್ನ ಹೆಂಡ್ತಿ ಬೈತಾಳೆ."